ಸ್ಟಿರಾಯ್ಡ್ ಗುಳಿಗೆ, ಬೋರ್‌ವೆಲ್ ನೀರು ಮತ್ತು ಎಲುಬು

ಪ್ರಶ್ನೆ: ಇಂಡಿ ತಾಲ್ಲೂಕಿನ 52 ವರ್ಷದ ರೈತ ಮಹಿಳೆ ಕೀಲುವಾತಕ್ಕೆ ಐದು ತಿಂಗಳಿಂದ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿದ್ದಾರೆ. ಎಲುಬು ಸವೆಯುತ್ತದೆಂಬ ಭಯದಿಂದ ಗುಳಿಗೆ ಬಿಡಬಹುದೇ ಎಂದು ಕೇಳಿದ್ದಾರೆ.

ಉತ್ತರ: ಒಮ್ಮೆಲೇ ಬಿಡಬೇಡಿ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣ ಇಳಿಸುವುದು ವೈದ್ಯರ ಕೆಲಸ.

ನಿಮ್ಮ ಭಯ ಸುಳ್ಳಲ್ಲ. ಸ್ಟಿರಾಯ್ಡ್ ಶುರುವಾದ ಮೊದಲ 3ರಿಂದ 6 ತಿಂಗಳಲ್ಲೇ ಸವೆತ ಹೆಚ್ಚು. ಹಾಗಾಗಿ ಈಗಲೇ ವಿಜಯಪುರಕ್ಕೆ ಹೋಗಿ ಮೂಳೆ ಅಥವಾ ಕೀಲುರೋಗ ತಜ್ಞರನ್ನು ಕಂಡು, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ.

ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ಆ ವಿಷಯವನ್ನೂ ಅಲ್ಲಿ ಹೇಳಲೇಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯಿದೆ. ಫ್ಲೋರೈಡ್ ಸೇರಿದ ಎಲುಬು ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಪೆಡಸಾಗಿರುತ್ತದೆ. ವರದಿ ಚೆನ್ನಾಗಿದೆ ಎಂದು ಮೋಸಹೋಗುವುದು ಇಲ್ಲೇ. ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು, ಅಡುಗೆಗೆ ಬೇಡ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ದಿನಕ್ಕೆ 1,000–1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದ ರೊಟ್ಟಿಯಿಂದ ಸಿಗುವುದು ತೀರಾ ಕಡಿಮೆ. ಹಾಲು, ಮೊಸರು, ಎಳ್ಳಿನ ಚಟ್ನಿಪುಡಿ, ವಾರಕ್ಕೆರಡು ಸಲ ರಾಗಿ ಸೇರಿಸಿ. ಕೊರತೆಯಿದ್ದರೆ ವೈದ್ಯರು ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆ ಬರೆಯುತ್ತಾರೆ.

ಎಲುಬು ಸವೆತ ತಡೆಯಲು ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಗುಳಿಗೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಂದಿಗೆ ನುಂಗಿ, ಅರ್ಧ ತಾಸು ಮಲಗಬೇಡಿ, ಏನೂ ತಿನ್ನಬೇಡಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ತಿಳಿಸಿ.

ಏಕಾಏಕಿ ಬೆನ್ನುನೋವು, ಎತ್ತರ ಕುಗ್ಗಿದಂತೆನಿಸುವುದು, ನಡೆಯುವಾಗ ತೊಡೆಸಂದಿಯಲ್ಲಿ ನೋವು — ಇವು ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.