ಖೂಬಾ ಪ್ಲಾಟಿನ ತಮ್ಮನಿಗೆ, ಟಿಕೆಟ್ ಕೇಳುವ ಮೊದಲು



ನಿನ್ನ ಹುಟ್ಟುಹಬ್ಬದ ಬ್ಯಾನರು ನಮ್ಮ ಗುಲಬರ್ಗದ ಖೂಬಾ ಪ್ಲಾಟಿನ ಕಂಬಕಂಬಕ್ಕೂ ಕಟ್ಟಿದೆ. ಫೋಟೊದ ಕೆಳಗೆ ದಪ್ಪಕ್ಷರದಲ್ಲಿ ‘ಯುವ ಮುಖಂಡ, ಸಮಾಜಸೇವಕ’. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂಬುದನ್ನು ಕಟ್ಟಿದವರು ಕೇಳಿಲ್ಲವೇನೋ. ಅದಿರಲಿ, ನನ್ನ ತಕರಾರು ಬಿರುದಿನ ಬಗ್ಗೆ. ಪಾಲಿಕೆ ಚುನಾವಣೆಗೆ ನಿಲ್ಲಬೇಕೋ ಬೇಡವೋ ಎಂಬ ಗೊಂದಲದಲ್ಲಿದ್ದೀ. ನಿಲ್ಲು ಅನ್ನುವುದಿಲ್ಲ, ಬೇಡ ಅನ್ನುವುದೂ ಇಲ್ಲ. ಎರಡೂ ಕಡೆ ತೂಗಿಯೇ ಬರೆಯುತ್ತೇನೆ. ಆದರೆ ಸಮಾಜಸೇವಕ ಅನ್ನಿಸಿಕೊಂಡವರು ಈ ಊರಿನಲ್ಲಿ ಏನು ಮಾಡಿದ್ದರು ಎಂಬುದನ್ನು ನಿನ್ನ ಸುತ್ತಲಿರುವ ಹುಡುಗರು ಯಾರೂ ನಿನಗೆ ಹೇಳುವುದಿಲ್ಲ. ಅದನ್ನು ಹೇಳುವ ಕೆಲಸ ನಮ್ಮಂಥ ಹಳಬರದ್ದು.

ನಮ್ಮ ಭಾಗಕ್ಕೆ ಯಾವುದೂ ತಾನಾಗಿ ಬಂದದ್ದಲ್ಲ. ನಿಜಾಮರ ಕಾಲದಲ್ಲಿ ಕಚೇರಿ ಉರ್ದುವಿನದು, ಮೇಲಿನ ಓದೂ ಉರ್ದುವಿನದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಲಿಸಿದ್ದೂ ಉರ್ದುವಿನಲ್ಲೇ. ಅಂಥ ಕಾಲದಲ್ಲಿ, 1907ರಷ್ಟು ಹಿಂದೆ, ಗುಲಬರ್ಗದಲ್ಲಿ ನೂತನ ವಿದ್ಯಾಲಯ ಹುಟ್ಟಿತು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು; ದಾಸೋಹಕ್ಕೆ ಹೆಸರಾದ ಮನೆತನ ಅಕ್ಷರಕ್ಕೂ ಪಂಕ್ತಿ ಹಾಕಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಎರಡೇ ವರ್ಷಕ್ಕೆ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಮೆಡಿಕಲ್ ಕಾಲೇಜು. ಸರ್ಕಾರ ಗುಲಬರ್ಗ ವಿಶ್ವವಿದ್ಯಾಲಯ ಕೊಟ್ಟದ್ದು 1980ರಲ್ಲಿ. ನಡುವಿನ ಆ ವರ್ಷಗಳಲ್ಲಿ ಈ ಭಾಗದ ಎಷ್ಟು ಮನೆಗಳ ಮೊದಲ ಎಂಜಿನಿಯರ್, ಮೊದಲ ಡಾಕ್ಟರ್ ಆ ಎರಡು ಗೇಟುಗಳಿಂದ ಹೊರಬಂದರು ಎಂದು ಯೋಚಿಸು. ರಾಂಪುರೆಯವರು ಲೋಕಸಭೆಯಲ್ಲೂ ಕೂತಿದ್ದರು. ಅವರು ಎಂ.ಪಿ. ಆಗಿದ್ದರೆಂದು ಇವತ್ತು ನಿನ್ನ ವಾರ್ಡಿನಲ್ಲಿ ಹತ್ತು ಜನರನ್ನು ಕೇಳು, ಒಂಬತ್ತು ಜನ ಹೌದೇನು ಅಂತಾರೆ. ಕಾಲೇಜು ಗೊತ್ತಿಲ್ಲದವರು ಸಿಗಲಿಕ್ಕಿಲ್ಲ. ಎಂಜಿನಿಯರಿಂಗ್ ಕಾಲೇಜಿಗೆ ಇರುವುದು ದೊಡ್ಡಪ್ಪ ಅಪ್ಪನವರ ಹೆಸರು ಎಂಬುದನ್ನೂ ಬ್ಯಾನರ್ ಕಟ್ಟುವವರಿಗೆ ಹೇಳು.

ಅವರೆಲ್ಲ ಮಠದವರು, ದೊಡ್ಡವರು, ಕೈಯಲ್ಲಿ ನಾಲ್ಕು ಕಾಸು ಇದ್ದವರು ಎನ್ನುತ್ತೀ. ಒಪ್ಪಿದೆ. ಹಾಗೆ ಕಟ್ಟಿದ ಸಂಸ್ಥೆಗಳಲ್ಲೂ ಈಗ ಆಡಳಿತ ಮಂಡಳಿಯ ಚುನಾವಣೆ ವಿಧಾನಸಭೆ ಚುನಾವಣೆಯ ಹಾಗೆ ನಡೆಯುತ್ತದೆ, ನಾಡಿನ ಖಾಸಗಿ ಕಾಲೇಜುಗಳೆಲ್ಲ ಫೀಸಿನ ಕೌಂಟರ್ ಆಗಿವೆ ಎನ್ನುತ್ತೀ. ಅದೂ ಸುಳ್ಳಲ್ಲ. ಆದರೆ ಕಟ್ಟಿದ ಮನೆ ಕೆಟ್ಟರೆ ರಿಪೇರಿ ಮಾಡಲಿಕ್ಕೆ ಗೋಡೆಯಾದರೂ ಇರುತ್ತದೆ. ನಿನ್ನ ಮುಖ್ಯ ವಾದ ಬೇರೆಯದು: ಕುರ್ಚಿ ಇಲ್ಲದೆ ಕೆಲಸ ಆಗುವುದಿಲ್ಲ. ಇದನ್ನು ಸ್ವಲ್ಪ ನಿಂತು ನೋಡಬೇಕು. ಕುರ್ಚಿ ನಮಗೆ ಎಂದು ಕಡಿಮೆ ಇತ್ತು? ನಮ್ಮ ಭಾಗದವರೇ ಆದ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ ಆದರು. ಆಮೇಲೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗ ವಿಭಾಗದಲ್ಲೇ ಇದ್ದವು. ತಪ್ಪು ಒಬ್ಬರ ಮೇಲೆ ಹೊರಿಸುತ್ತಿಲ್ಲ. ಕುರ್ಚಿಯಿಂದಲೇ ಎಲ್ಲ ಆಗುವುದಾಗಿದ್ದರೆ ಆ ಪಟ್ಟಿ ಬೇರೆ ಇರುತ್ತಿತ್ತು, ಅಷ್ಟೇ.

ಹಾಗಾದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371 (ಜೆ) ವಿಧಿ ಹೇಗೆ ಬಂತು, ದಿಲ್ಲಿಯಲ್ಲಿ ಖರ್ಗೆ, ಧರ್ಮಸಿಂಗ್ ಇಲ್ಲದಿದ್ದರೆ ಬರುತ್ತಿತ್ತೇ ಎಂದು ನೀನು ಕೇಳುವುದು ಗೊತ್ತು. ಬರುತ್ತಿರಲಿಲ್ಲ. ಆದರೆ ಅವರ ಕೈಗೆ ಸಿದ್ಧವಾದ ಬೇಡಿಕೆಯೊಂದು ಸಿಕ್ಕಿದ್ದು ಎಲ್ಲಿಂದ? ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯಿಂದ ಸಿಕ್ಕ 371 (ಡಿ)ಯನ್ನು ಹಿಡಿದು, ಅಂಥದ್ದೇ ನಮಗೂ ಬೇಕೆಂದು ವೈಜನಾಥ ಪಾಟೀಲರೂ ಅವರ ಹೋರಾಟ ಸಮಿತಿಯವರೂ ಊರೂರು ಹೇಳುತ್ತ ಬಂದರು. ಪಾಟೀಲರು ಶಾಸಕರೂ ಆಗಿದ್ದರು, ಮಂತ್ರಿಯೂ ಆಗಿದ್ದರು. ಆದರೂ ಜನ ಅವರನ್ನು ಗುರುತಿಸುವುದು ಹೋರಾಟದಿಂದ. ದಿಲ್ಲಿ ಒಮ್ಮೆ ಆಗುವುದಿಲ್ಲ ಎಂದಿತು, ಬೇಡಿಕೆ ನಿಲ್ಲಲಿಲ್ಲ. 2012ರ 98ನೇ ತಿದ್ದುಪಡಿ ಬಂದಾಗ ಅದರ ಹಿಂದೆ ವರ್ಷಗಟ್ಟಲೆ ಬರೆದ ಮನವಿ, ಧರಣಿ, ಅಂಕಿಅಂಶಗಳ ಕಟ್ಟು ಇತ್ತು. ಕುರ್ಚಿ ಕೆಲಸಕ್ಕೆ ಬರುವುದು ಹೀಗೆ, ಕೊನೆಯ ಮೆಟ್ಟಿಲಾಗಿ. ನೀನು ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಹತ್ತಲು ಹೊರಟಿದ್ದೀ.

ಇನ್ನು ನಿನ್ನ ಕಣ್ಣಿರುವ ಕುರ್ಚಿಯ ಕಥೆ ನೋಡು. ನಮ್ಮ ಪಾಲಿಕೆಯ 55 ವಾರ್ಡಿಗೆ 2021ರ ಸೆಪ್ಟೆಂಬರಿನಲ್ಲಿ ಮತದಾನ ಆಯಿತು. ತಕರಾರು ಕೋರ್ಟಿನ ಮೆಟ್ಟಿಲೇರಿ, ಮೇಯರ್ ಆಯ್ಕೆ ಆದದ್ದು 2023ರ ಮಾರ್ಚಿನಲ್ಲಿ. ಒಂದೂವರೆ ವರ್ಷ ಗೆದ್ದವರು ಗೆದ್ದ ಹಾಗೆಯೇ ಕೂತಿದ್ದರು. ಆ ಒಂದೂವರೆ ವರ್ಷದಲ್ಲಿ ಸದಸ್ಯನಾಗದೆಯೂ ಮಾಡಬಹುದಾಗಿದ್ದ ಕೆಲಸ ಒಂದಿತ್ತು, ಈಗಲೂ ಇದೆ. ನಿನ್ನ ಓಣಿಯ ರಸ್ತೆ ಮಳೆಗಾಲ ಮುಗಿಯುವುದರೊಳಗೆ ಕಿತ್ತುಬರುತ್ತದಲ್ಲ, ಅದಕ್ಕೊಂದು ಎಸ್ಟಿಮೇಟ್ ಇರುತ್ತದೆ, ಕೆಲಸ ನಡೆದ ಮೇಲೆ ಎಂಜಿನಿಯರ್ ಬರೆಯುವ ಅಳತೆ ಪುಸ್ತಕ ಇರುತ್ತದೆ, ಎಲ್ಲರೂ ಎಂ.ಬಿ. ಅನ್ನುವುದು ಅದಕ್ಕೇ. ಉದ್ದ ಎಷ್ಟು, ಅಗಲ ಎಷ್ಟು, ಕಾಂಕ್ರೀಟಿನ ದಪ್ಪ ಎಷ್ಟು ಎಂದು ಅದರಲ್ಲಿ ಬರೆದ ಮೇಲೆಯೇ ಗುತ್ತಿಗೆದಾರನ ಬಿಲ್ ಪಾಸಾಗುವುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ, ಆ ಪುಟಗಳ ದೃಢೀಕೃತ ನಕಲು ಮೂವತ್ತು ದಿನದೊಳಗೆ ಕೊಡಬೇಕು. ಕಾಮಗಾರಿಯನ್ನೇ ಪರಿಶೀಲಿಸುವುದಕ್ಕೂ, ಬಳಸಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳುವುದಕ್ಕೂ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ವಾರ್ಡ್ ಸಮಿತಿಯೂ ಕಾನೂನಿನಲ್ಲಿದೆ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಊರಿಗೆ ಅದು ಬೇಕೇ ಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ, ನಮ್ಮ ಊರು 2011ರಲ್ಲೇ ಐದು ಲಕ್ಷ ದಾಟಿದೆ. ಆ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಡಾವಣೆಯ ಸಂಘಗಳಿಗೆ ಜಾಗ ಇದೆ. ಆ ಜಾಗಕ್ಕೆ ನೀನು ಎಂದಾದರೂ ಅರ್ಜಿ ಹಾಕಿದ್ದೀಯಾ? ರೇಶನ್ ಕಿಟ್ ಹಂಚುವಾಗ ಫೋಟೊ ತೆಗೆಸಿಕೊಳ್ಳಲು ಪುರಸೊತ್ತು ಇದ್ದವನಿಗೆ ಇದಕ್ಕೆ ಇರಲಿಲ್ಲವೇ?

ಸಿಟ್ಟಿನ ಮಾತು ಬಂತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋಗದೆ ಉಳಿದವನು ನೀನು, ಬೈಯಲಿಕ್ಕೆ ನಮಗೆ ಉಳಿದಿರುವವರೂ ನಿಮ್ಮಂಥವರೇ. ಕಮಲಾಪುರದ ಹೊಲವನ್ನು ಮಾರಿ ಚುನಾವಣೆಗೆ ಹಾಕುವ ಮಾತು ಮಾತ್ರ ಬಿಡು.  ಅಲ್ಲಿಯ ಕೆಂಪು ಬಾಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಆದರೆ ಬೆಳೆಗಾರ ಅಧಿಕೃತ ಬಳಕೆದಾರನೆಂದು ತನ್ನ ಹೆಸರು ನೋಂದಾಯಿಸದೆ ಆ ಗುರುತು ಹಾಕಿ ಹಣ್ಣು ಮಾರುವ ಹಕ್ಕು ಪಡೆಯಲಾರ. ಮನೆಮನೆಗೆ ಹೋಗಿ ಆ ಅರ್ಜಿ ತುಂಬಿಸಿಕೊಡುವುದಕ್ಕೆ ಯಾವ ಟಿಕೆಟೂ ಬೇಡ. ಖೂಬಾ ಪ್ಲಾಟಿನ ಎಂ.ಬಿ. ಕೈಗೆ ಬಂದ ಮೇಲೆ ಅಂಕಿ ಅರ್ಥವಾಗದಿದ್ದರೆ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಹುಡುಗರಿಬ್ಬರನ್ನು ಟೇಪ್ ಸಮೇತ ಕರೆದುಕೊಂಡು ಹೋಗು, ಬೆಳಗಿನ ಹೊತ್ತು ಅಳೆದರೆ ಗಾಡಿಗಳ ಕಾಟ ಇರುವುದಿಲ್ಲ. ಅಷ್ಟು ಆದ ಮೇಲೂ ನಿಲ್ಲಬೇಕು ಅನ್ನಿಸಿದರೆ ನಿಲ್ಲು, ಪ್ರಚಾರಕ್ಕೆ ನಾನೂ ಬರುತ್ತೇನೆ. ಬ್ಯಾನರ್ ಮಾತ್ರ ಇವತ್ತೇ ಬಿಚ್ಚಿಸು.