ತಳಪಾಯ ಮುಚ್ಚುವ ಮುನ್ನ: ದೂರದಿಂದಲೇ ವಿಡಿಯೊ ಚಿತ್ರೀಕರಣದ ನಿರ್ದೇಶನ



ಅಂಗನವಾಡಿ ಕಟ್ಟಡದ ಗೋಡೆ, ಬಾಗಿಲು, ಬಣ್ಣಗಳನ್ನು ಯಾವ ದಿನವಾದರೂ ಪರಿಶೀಲಿಸಬಹುದು. ತಳಪಾಯದ ಗುಂಡಿಯಲ್ಲಿ ಕಟ್ಟಿದ ಕಂಬಿಯನ್ನು ನೋಡಲು ದೊರೆಯುವ ಅವಕಾಶ ಕೆಲವೇ ಗಂಟೆಗಳದು. ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣದು. ಅದರ ಮೇಲೆ ಮಕ್ಕಳು ವರ್ಷಗಟ್ಟಲೆ ಕುಳಿತು ಕಲಿಯುತ್ತಾರೆ. ಆ ಹೊತ್ತಿನಲ್ಲಿ ಎಂಜಿನಿಯರ್ ಬೇರೊಂದು ಪಂಚಾಯಿತಿಯಲ್ಲಿರಬಹುದು, ವಾರ್ಡಿನ ಸದಸ್ಯರು ತಾಲ್ಲೂಕು ಕೇಂದ್ರದ ಸಭೆಯಲ್ಲಿರಬಹುದು. ಅಂತಹ ಸಂದರ್ಭದಲ್ಲಿ ಸ್ಥಳದಲ್ಲಿರುವ ನೀರುಗಂಟಿ ಅಥವಾ ಕರ ವಸೂಲಿಗಾರರ ಸ್ಮಾರ್ಟ್‌ಫೋನ್ ಮೂಲಕ ಚಿತ್ರೀಕರಣವನ್ನು ದೂರದಿಂದಲೇ ನಿರ್ದೇಶಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಕರೆ ಬೇರೆ, ದಾಖಲೆ ಬೇರೆ

ವಿಡಿಯೊ ಕರೆಯ ಚಿತ್ರವು ನೆಟ್‌ವರ್ಕ್ ಕ್ಷೀಣಿಸಿದಂತೆ ಮಸುಕಾಗುತ್ತದೆ. ಟೇಪಿನ ಅಂಕಿಗಳು ಓದಲು ಬಾರವು. ಆದ್ದರಿಂದ ಸ್ಥಳದಲ್ಲಿ ಎರಡು ಫೋನುಗಳಿರಬೇಕು. ಒಂದರಲ್ಲಿ ಚಿತ್ರೀಕರಣ ಮಾತ್ರ ನಡೆಯಬೇಕು. ನಡುವೆ ಕರೆ ಬಂದು ಅಡ್ಡಿಯಾಗದಂತೆ ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಡಬೇಕು. ಮತ್ತೊಬ್ಬರು ಎರಡನೆಯ ಫೋನಿನಿಂದ ವಿಡಿಯೊ ಕರೆ ಮಾಡಿ, ಮೊದಲನೆಯ ಫೋನಿನ ಪರದೆಯನ್ನು ನಿಮಗೆ ತೋರಿಸುತ್ತಿರಬೇಕು. ಒಂದೇ ಫೋನ್ ಲಭ್ಯವಿದ್ದರೆ, 20 ಸೆಕೆಂಡುಗಳ ಪ್ರಾಯೋಗಿಕ ತುಣುಕನ್ನು ತರಿಸಿಕೊಂಡು ನೋಡಿ, ತಿದ್ದುಪಡಿ ಹೇಳಿದ ಬಳಿಕವೇ ಪೂರ್ಣ ಚಿತ್ರೀಕರಣಕ್ಕೆ ಸೂಚಿಸತಕ್ಕದ್ದು.

2. ಮುಂಚಿತ ಸಿದ್ಧತೆ

ಫೋನಿನ ದಿನಾಂಕ, ಸಮಯ ಸರಿಯಾಗಿರಲಿ, ಕ್ಯಾಮೆರಾದ ಲೊಕೇಶನ್ ಆಯ್ಕೆ ಚಾಲನೆಯಲ್ಲಿರಲಿ, ಲೆನ್ಸನ್ನು ಒರೆಸಲಿ, ಫೋನನ್ನು ಅಡ್ಡಲಾಗಿ ಹಿಡಿಯಲಿ. 1080ಪಿ ಗುಣಮಟ್ಟದ ಒಂದು ನಿಮಿಷದ ವಿಡಿಯೊಗೆ ಸಾಮಾನ್ಯವಾಗಿ 60ರಿಂದ 130 ಎಂಬಿ ಸ್ಥಳ ಬೇಕಾಗುವುದರಿಂದ, ಹತ್ತು ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ ಖಾಲಿಯಿದೆಯೇ ಎಂದು ಕೇಳಿ ತಿಳಿಯಬೇಕು.

3. ನಿರ್ದೇಶನದ ಭಾಷೆ

ನಿಮ್ಮ ಎಡಬಲವೂ ಅವರ ಎಡಬಲವೂ ಒಂದೇ ಆಗಿರುವುದಿಲ್ಲ. ಆದುದರಿಂದ "ಬಾವಿಯ ಕಡೆಗೆ", "ಗುಡಿಯ ಕಡೆಗೆ" ಎಂದು ಗುರುತು ಹೇಳಿ. ಒಂದು ಸಲಕ್ಕೆ ಒಂದೇ ಸೂಚನೆ ನೀಡಿ. ಧ್ವನಿ ತಲುಪಲು ಕೆಲವು ಕ್ಷಣ ತಡವಾಗುವುದರಿಂದ, ಅವರು ಅದನ್ನು ಮರುನುಡಿದ ಮೇಲೆ ಮುಂದಿನದನ್ನು ಹೇಳಿ. ಪ್ರತಿ ಗುಂಡಿಯ ಮುಂದೆ ಕನಿಷ್ಠ ಐದು ಸೆಕೆಂಡು ಕ್ಯಾಮೆರಾ ಅಲುಗಾಡದಿರಲಿ.

4. ಏನನ್ನು ತೋರಿಸಬೇಕು?

ಕಾಮಗಾರಿಯ ಹೆಸರು, ದಿನಾಂಕ, ಗುಂಡಿಯ ಸಂಖ್ಯೆ ಬರೆದ ಸ್ಲೇಟಿನಿಂದ ಆರಂಭಿಸಿ, ನಡುವೆ ನಿಲ್ಲಿಸದೆ ಗುಂಡಿಗೆ ಸಾಗಬೇಕು. ಆಳ, ಅಗಲಗಳನ್ನು ಟೇಪು ಹಿಡಿದೇ ತೋರಿಸಬೇಕು. ಕಂಬಿಯು ಮಣ್ಣಿಗೆ ತಾಗದಂತೆ ಕವರ್ ಬ್ಲಾಕ್ ಇಟ್ಟಿರುವುದು ಕಾಣಬೇಕು. ಐಎಸ್ 456:2000 ಸಂಹಿತೆಯ ಪ್ರಕಾರ ತಳಪಾಯದ ಕಂಬಿಗೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು. ಕಂಬಿಗಳ ನಡುವಣ ಅಂತರವನ್ನು ಅನುಮೋದಿತ ನಕ್ಷೆಯೊಂದಿಗೆ ಹೋಲಿಸಬೇಕು.

ಯಾವ ಗುಂಡಿಯನ್ನು ತೋರಿಸಬೇಕೆಂಬ ಆಯ್ಕೆ ನಿಮ್ಮದಾಗಿರಬೇಕು. ಗುತ್ತಿಗೆದಾರರು ಅಣಿಗೊಳಿಸಿದ ಮೊದಲ ಗುಂಡಿಯನ್ನಷ್ಟೇ ನೋಡಿದರೆ ಅದು ಪ್ರದರ್ಶನದ ವೀಕ್ಷಣೆಯಾದೀತು. "ಮೂಲೆಯ ಏಳನೆಯದನ್ನು ತೋರಿಸಿ" ಎಂದು ನೀವು ಕೇಳಿದಾಗ ಪರಿಶೀಲನೆ ಆರಂಭವಾಗುತ್ತದೆ.

5. ನಂತರದ ಕ್ರಮ

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. ಮೂಲ ಕಡತವನ್ನು ಪಂಚಾಯಿತಿಯ ಕಂಪ್ಯೂಟರಿನಲ್ಲಿ ಉಳಿಸಿ. ಕೆಲಸಗಾರರ ಮುಖಗಳನ್ನು ಅವರ ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದಾಗಲಿ, ಗುಂಪುಗಳಲ್ಲಿ ಹಂಚುವುದಾಗಲಿ ಸಲ್ಲದು.

ವಿಡಿಯೊ ಎಂದಿಗೂ ಅಳತೆ ಪುಸ್ತಕಕ್ಕೆ ಬದಲಿಯಲ್ಲ. ಎಂಜಿನಿಯರರ ಸ್ಥಳ ಪರಿಶೀಲನೆಗೂ ಬದಲಿಯಲ್ಲ. ದೋಷ ಕಂಡುಬಂದಲ್ಲಿ ಸದಸ್ಯರು ಮೇಸ್ತ್ರಿಗೆ ನೇರವಾಗಿ ಆದೇಶ ನೀಡದೆ, ಗುಂಡಿಯ ಸಂಖ್ಯೆ ಸಹಿತ ಅಭಿವೃದ್ಧಿ ಅಧಿಕಾರಿ ಹಾಗೂ ಎಂಜಿನಿಯರರಿಗೆ ಕೂಡಲೇ ತಿಳಿಸಿ, ಅವರು ತೀರ್ಮಾನಿಸುವವರೆಗೆ ಕಾಂಕ್ರೀಟ್ ಹಾಕದಂತೆ ಕೋರಬೇಕು. ಒಂದು ದಿನದ ವಿಳಂಬವನ್ನು ಸರಿದೂಗಿಸಬಹುದು. ಮುಚ್ಚಿಹೋದ ದೋಷವನ್ನು ಸರಿಪಡಿಸುವುದು ಕಷ್ಟ.

ಅಭ್ಯಾಸ: ಮುಂದಿನ ಸಾಮಾನ್ಯ ಸಭೆಗೆ ಮುನ್ನ, ತಮ್ಮ ವಾರ್ಡಿನ ಯಾವುದಾದರೊಂದು ಚರಂಡಿಯನ್ನು ಇದೇ ಕ್ರಮದಲ್ಲಿ ಎರಡು ನಿಮಿಷ ಚಿತ್ರೀಕರಿಸಿ, ಟೇಪಿನ ಅಂಕಿಗಳು ಓದಲು ಬರುತ್ತವೆಯೇ ಎಂದು ಪರೀಕ್ಷಿಸಿ ನೋಡುವುದು.