ಇಂದಿನ ಚಿಂತನೆ: ಹಡಗಿನ ಕಾವಲುಗಾರ



1912ರ ಏಪ್ರಿಲ್ 14. ಬಾಬಾಸಾಹೇಬರಿಗೆ ಅಂದು 21 ತುಂಬಿತ್ತು. ಅದೇ ರಾತ್ರಿ 11.40ಕ್ಕೆ ಟೈಟಾನಿಕ್ ಹಡಗಿನ ಕಂಬದ ಮೇಲೆ, ಕೊರೆಯುವ ಚಳಿಯಲ್ಲಿ ಕಾವಲಿದ್ದ ಫ್ರೆಡರಿಕ್ ಫ್ಲೀಟ್ ಎದುರಿಗೆ ಮಂಜುಗಡ್ಡೆಯ ಗುಡ್ಡ ಕಂಡ. ಮೂರು ಸಲ ಗಂಟೆ ಹೊಡೆದು, ಫೋನ್ ಮಾಡಿ ತಿಳಿಸಿದ. ಸುಮಾರು 1,500 ಜನ ಸತ್ತರು. ಅವನು 6ನೇ ದೋಣಿಯಲ್ಲಿ ಹುಟ್ಟು ಹಾಕುತ್ತ ಉಳಿದ.

ಅನಾಥಾಲಯದಲ್ಲಿ ಬೆಳೆದ ಹುಡುಗ. ಆದರೂ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಅಂಜದೆ ಹೇಳಿದ: ಬೈನಾಕ್ಯುಲರ್ ಕೇಳಿದ್ದೆವು, ಇಲ್ಲ ಅಂದರು, ಇದ್ದಿದ್ದರೆ ತಪ್ಪಿಸಿಕೊಳ್ಳುವಷ್ಟು ಮೊದಲೇ ಕಾಣುತ್ತಿತ್ತು. ಮಂಜುಗಡ್ಡೆ ಇದೆಯೆಂದು ಬೇರೆ ಹಡಗುಗಳಿಂದ ಸುದ್ದಿ ಬಂದಿದ್ದರೂ ವೇಗ ಇಳಿಸದಿದ್ದವರು ಮೇಲಿನವರು. ನಮ್ಮ ಜವನಗೊಂಡನಹಳ್ಳಿ ಹೆದ್ದಾರಿ ಪಕ್ಕ ರಾತ್ರಿ ಕಾವಲು ಕಾಯುವವರನ್ನು ನೆನೆಯುತ್ತೇನೆ. ಟಾರ್ಚ್ ಕೇಳಿದರೆ ನಾಳೆ ನೋಡೋಣ ಅನ್ನುತ್ತಾರೆ. ಕಳವಾದರೆ ಮೊದಲ ಪ್ರಶ್ನೆ ಅವರಿಗೇ.

ಮುಪ್ಪಿನಲ್ಲಿ ಫ್ಲೀಟ್ ಸೌತಾಂಪ್ಟನ್ ಬೀದಿಯಲ್ಲಿ ಪೇಪರ್ ಮಾರಿದ. ಹೆಂಡತಿ ತೀರಿಕೊಂಡ ಕೆಲವೇ ದಿನಕ್ಕೆ, 1965ರ ಜನವರಿಯಲ್ಲಿ, ತಾನೇ ಪ್ರಾಣ ಕಳೆದುಕೊಂಡ. ಇಂಥದ್ದನ್ನು ಹಿಂದಿನ ಜನ್ಮದ ಕರ್ಮ ಅನ್ನುವವರು ನಮ್ಮ ಊರಲ್ಲೂ ಇದ್ದಾರೆ. ಬಡವರ ಸ್ಥಿತಿಗೆ ಸಮಾಜ ಹೊಣೆ ತಪ್ಪಿಸಿಕೊಳ್ಳಲು ಹುಟ್ಟಿದ ಮಾತು ಅದು ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಾದಿಸಿದ್ದಾರೆ.

ಫ್ಲೀಟ್‌ನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1993ರಲ್ಲಿ.